ಮೊದಲ ಗುಟುಕು

ನಾನು ಮೊದಲ ಸಲ ರಕ್ತ ಕಾರಿದ್ದು ಸಂಡೇ ಸ್ಕೂಲಿನಲ್ಲಿ, ಅನನೀಯ ಮತ್ತು ಸಪ್ಫೈರಳ ಪಾಠ ಹೇಳುವಾಗ, ಎಂದು ಶಹಾಬಾದಿನ ನಮ್ಮ ಕ್ರೈಸ್ತ ಸಭೆಯವರು ಈಗಲೂ ಹೇಳುತ್ತಾರೆ. ಗಂಡ ಹೆಂಡತಿ ಹೊಲ ಮಾರಿ, ಬಂದದ್ದರಲ್ಲಿ ಒಂದು ಪಾಲು ಮುಚ್ಚಿಟ್ಟು, ಬಂದದ್ದು ಇಷ್ಟೇ ಎಂದು ಏಸುವಿನ ಶಿಷ್ಯನಾದ ಅಪೊಸ್ತಲನ ಮುಂದೆ ಸುಳ್ಳು ಹೇಳಿ, ನಿಂತಲ್ಲೇ ಬಿದ್ದು ಸತ್ತ ಕಥೆ ಅದು. ಗೋಡೆಗೆ ತೂಗುಹಾಕಿದ ಬಣ್ಣದ ಚಿತ್ರದಲ್ಲಿ ಸಪ್ಫೈರ ಬೀಳುತ್ತಿದ್ದಾಳೆ. ನಾನು ಕೋಲಿನಿಂದ ಅವಳನ್ನು ತೋರಿಸುತ್ತಿದ್ದೇನೆ. ಅಷ್ಟರಲ್ಲಿ ಕೆಮ್ಮು ಬಂದು ನನ್ನ ಸೆರಗು ಕೆಂಪಾಗುತ್ತದೆ.

ಇಷ್ಟು ಚೆನ್ನಾಗಿ ಕೂಡಿಬರುವ ಸಂಗತಿಯನ್ನು ನಾನು ನಂಬುವುದಿಲ್ಲ. ನನಗೆ ನೆನಪಿರುವುದು ಹಿತ್ತಲಿನ ಒಗೆಯುವ ಕಲ್ಲು. ಮಗಳ ಲಂಗ ಹಿಂಡುತ್ತಿದ್ದಾಗ ಬಾಯಿಗೆ ಉಪ್ಪುಪ್ಪಾಗಿ ಏನೋ ಬಂತು, ಉಗುಳಿದೆ, ನೀರು ಹಾಕಿ ತೊಳೆದೆ. ಆ ರವಿವಾರ ಪಾಠದ ನಡುವೆ ಕೆಮ್ಮಿದ್ದು ಖಂಡಿತ. ಆದರೆ ಕಲ್ಲಿನ ಮೇಲಿನ ರಕ್ತ ಅದಕ್ಕೆ ಮೊದಲೋ ನಂತರವೋ ಹೇಳಲಾರೆ. ಆ ದಿನದ ಪಾಠ ಸಪ್ಫೈರಳದೇ ಆಗಿತ್ತೆ? ಬಿಟ್ಟುಬಂದ ಊರನ್ನು ತಿರುಗಿ ನೋಡಿ ಉಪ್ಪಿನ ಕಂಬವಾದ ಲೋಟನ ಹೆಂಡತಿಯದೂ ಆಗಿರಬಹುದು. ಒಗೆಯುವ ಕಲ್ಲಿನ ಮೇಲೆ ರಕ್ತ ಉಗುಳಿದವಳಿಂದ ಯಾರಿಗೂ ಪಾಠ ಸಿಗುವುದಿಲ್ಲ, ಆದ್ದರಿಂದ ಆ ಕಲ್ಲು ಯಾರಿಗೂ ನೆನಪಿಲ್ಲ.

ನಾನು ಮಿಷನ್ ಶಾಲೆಯಲ್ಲಿ ಟೀಚರಾಗಿದ್ದೆ. ರವಿವಾರ ಅದೇ ಮಕ್ಕಳಿಗೆ ಬೈಬಲ್ ಪಾಠ. ಪ್ರತಿ ಪಾಠದ ಕೊನೆಗೆ 'ಅನ್ವಯ' ಎಂದು ಒಂದು ಭಾಗ ಇರುತ್ತಿತ್ತು. ಆ ಕಥೆಯಿಂದ ನಮ್ಮ ದಿನದ ಬಾಳಿಗೆ ಏನು ತೆಗೆದುಕೊಳ್ಳಬೇಕು ಎಂಬುದು. ಜಲಪ್ರಳಯದ ಅನ್ವಯ, ದೊಡ್ಡವರ ಮಾತು ಕೇಳಬೇಕು. ಲೋಟನ ಹೆಂಡತಿಯದು, ಬಿಟ್ಟದ್ದನ್ನು ತಿರುಗಿ ನೋಡಬಾರದು. ಸಪ್ಫೈರಳದು, ಸುಳ್ಳು ಹೇಳಬಾರದು. ಮಕ್ಕಳು ಇದನ್ನು ಒಂದೇ ದನಿಯಲ್ಲಿ ಹೇಳುತ್ತಿದ್ದರು. ಕಾಯಿಲೆ ಬಿದ್ದ ಮೇಲೆ ನಾನೇ ಒಂದು ಪಾಠವಾದೆ. ಅನ್ವಯ ಹುಡುಕುವ ಕೆಲಸ ಉಳಿದವರ ಪಾಲಿಗೆ ಬಂತು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆ ಆಗಿ ಎರಡು ಮೂರು ವರ್ಷ ಕಳೆದಿದ್ದವು. ನನ್ನ ಗಂಡ ಪ್ರಭಾಕರ ವಾಡಿ ಜಂಕ್ಷನ್ನಿನಲ್ಲಿ ಟಿಕೇಟು ಬಾಬು. ಶಹಾಬಾದಿನಿಂದ ದಿನಾ ಗಾಡಿಯಲ್ಲಿ ಹೋಗಿ ಬರುತ್ತಿದ್ದರು. ಅವರೇ ನನ್ನನ್ನು ಕಲಬುರಗಿಯ ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದರು. ಹೆಂಗಸರ ಬೆಂಚಿಗೆ ಒಂದು ಮಾಸಿದ ಪರದೆ ಕಟ್ಟಿದ್ದರು. ಪರದೆಯ ಆಚೆ ಗಂಡಸರು ಕೆಮ್ಮುತ್ತಿದ್ದರು, ಈಚೆ ನಾವು. ಸ್ವಲ್ಪ ಹೊತ್ತಿನ ಮೇಲೆ ಯಾರ ಕೆಮ್ಮು ಯಾವುದು ಎಂದು ಗುರುತು ಸಿಗತೊಡಗಿತು. ನನ್ನ ಪಕ್ಕದಲ್ಲಿ ನಾಲವಾರದ ಒಬ್ಬ ಮುದುಕಿ ಕುಳಿತಿದ್ದಳು, ಹಣೆಯ ತುಂಬ ವಿಭೂತಿ. ಯಾವ ದೇವರಿಗೆ ಹರಕೆ ಹೊತ್ತಿದ್ದೀ ಎಂದು ಕೇಳಿದಳು. ನಾವು ಏಸುವಿನ ಮಂದಿ ಎಂದೆ.

"ಸಿಟ್ಟಾಗ್ಯಾನೇನು ನಿಮ್ಮ ದೇವ್ರು?"

"ಗೊತ್ತಿಲ್ಲವ್ವ. ಮಂದಿ ಹಂಗ ಅಂತಾರ."

"ನಮ್ಮಪ್ಪಗ ಸಿಟ್ಟಿಲ್ಲ. ನಂದು ಒಲಿ ಹೊಗಿ ಅಂತ ಡಾಕ್ಟ್ರು ಹೇಳ್ಯಾನ," ಎಂದು ಅವಳು ಸಮಾಧಾನದಿಂದ ಹೇಳಿ, ಗಂಟು ಬಿಚ್ಚಿ ಅರ್ಧ ರೊಟ್ಟಿ ಮುರಿದು ನನ್ನ ಕೈಗೆ ಇಟ್ಟಳು. ಆ ದಿನ ಅದೊಂದೇ ಹೊಟ್ಟೆಗೆ ಬಿದ್ದದ್ದು.

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ಪ್ರಭಾಕರರಿಗೆ ಉರ್ದುವಿನಲ್ಲಿ ಹೇಳಿದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ. ಹೇಳಿದ ಮೇಲೆ ನೋಡಿದರು. ಎಡಗಡೆಯ ಪುಪ್ಪುಸದಲ್ಲಿ ಟಿ.ಬಿ. ನನ್ನ ಗಂಡ ಕೇಳಿದ್ದು ಒಂದೇ ಪ್ರಶ್ನೆ. ಮಗು ಇವಳ ಹತ್ತಿರ ಮಲಗುತ್ತದೆ, ಮಲಗಬಹುದೇ? ಡಾಕ್ಟರು ಬೇಡವೆಂದು ತಲೆ ಅಲ್ಲಾಡಿಸಿದರು.

ಮಗಳ ಹೆಸರು ಕರುಣಾ. ಆಗ ಅವಳಿಗೆ ಆರು ತುಂಬಿತ್ತು. ಅದೇ ಸಂಜೆ ಅವಳ ಹಾಸಿಗೆ ಎರಡು ಮನೆ ಆಚೆಗಿದ್ದ ರತ್ನಕ್ಕನ ಮನೆಗೆ ಹೋಯಿತು. ರತ್ನಕ್ಕ ನನ್ನ ಗಂಡನ ಅಕ್ಕ, ವಿಧವೆ, ಮಕ್ಕಳಿಲ್ಲ. ಕರುಣಾಳ ಮೇಲೆ ಅವಳಿಗೆ ಜೀವ. ನನ್ನ ಮೇಲೆ ಅಷ್ಟಿಲ್ಲ. ಅತ್ತೆ ತೀರಿಕೊಂಡಾಗ ಅವರ ತಾಮ್ರದ ಕೊಡ ನಮ್ಮ ಮನೆಯಲ್ಲೇ ಉಳಿಯಿತು ಎಂಬುದು ಅದಕ್ಕೆ ಕಾರಣ, ಅಥವಾ ಅದು ನೆಪ.

ನಮ್ಮ ಸಭೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಏಸುವಿನ ನೆನಪಿಗೆ ಎಲ್ಲರೂ ರೊಟ್ಟಿ ತಿಂದು ಒಂದೇ ಬಟ್ಟಲಿನಿಂದ ದ್ರಾಕ್ಷಿಯ ರಸ ಕುಡಿಯುವ ಕರ್ತನ ಭೋಜನದ ರವಿವಾರಕ್ಕೆ ಮುಂಚಿನ ಶನಿವಾರ ಸಭೆಯ ಹಿರಿಯರು ಮನೆಮನೆಗೆ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು: ಯಾರ ಮೇಲಾದರೂ ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡಿದ್ದೀರೇನು? ಇದ್ದವರು ಅದನ್ನು ಅಂದೇ ಮುಗಿಸಿಕೊಳ್ಳಬೇಕು. ಮುಗಿಸದೆ ಬಟ್ಟಲು ಮುಟ್ಟಬಾರದು. ಬೈಬಲಿನಲ್ಲಿ ಕೊರಿಂಥದ ಸಭೆಯವರಿಗೆ ಬರೆದ ಪತ್ರದಲ್ಲಿ ಹಾಗಿದೆ: ಅಯೋಗ್ಯವಾಗಿ ತಿಂದು ಕುಡಿದವರು ತಮ್ಮ ಮೇಲೆ ದೇವರ ತೀರ್ಪನ್ನು ತಂದುಕೊಳ್ಳುತ್ತಾರೆ, ಅದಕ್ಕೇ ನಿಮ್ಮಲ್ಲಿ ಬಹಳ ಮಂದಿ ರೋಗಿಗಳಾಗಿದ್ದಾರೆ, ಕೆಲವರು ಸತ್ತಿದ್ದಾರೆ. ತಪ್ಪಿನಲ್ಲಿ ಸಿಕ್ಕವರನ್ನು ಕೆಲಕಾಲ ಹೊರಗೆ ಕೂರಿಸುತ್ತಿದ್ದರು. ಅವರು ಒಪ್ಪಿಕೊಂಡು ಮರಳಿದ ದಿನ, ಬಟ್ಟಲಿನ ಮೊದಲ ಗುಟುಕು ಅವರದು. ಅವರು ಕುಡಿದ ಬಟ್ಟಲಿನಿಂದಲೇ ಇಡೀ ಸಭೆ ಕುಡಿಯಬೇಕು. ನಿನ್ನನ್ನು ಮತ್ತೆ ನಮ್ಮವಳೆಂದು ತೆಗೆದುಕೊಂಡಿದ್ದೇವೆ ಎಂದು ಹೇಳುವ ರೀತಿ ಅದು. ಇದಕ್ಕಿಂತ ಒಳ್ಳೆಯ ರೀತಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ನನ್ನ ರೋಗದ ಬಗ್ಗೆ ರತ್ನಕ್ಕ ಹೇಳಿದ್ದು ಇಷ್ಟು: ಕೊಡದ ಜಗಳದಿಂದ ನನಗೆ ಅವಳ ಮೇಲೆ ಸಿಟ್ಟಿತ್ತು; ಹಿರಿಯರು ಕೇಳಿದಾಗ ನಾನು ಏನೂ ಇಲ್ಲ ಎಂದೆ; ಮರುದಿನ ಬಟ್ಟಲು ಮುಟ್ಟಿದೆ; ಎದೆಯೊಳಗೆ ರೋಗ ಬಂತು. ಸಪ್ಫೈರಳ ಸುಳ್ಳು, ಕೊರಿಂಥದ ತೀರ್ಪು, ಎರಡೂ ಒಂದೇ ಕಡೆ. ಇಂಥ ಅನ್ವಯ ನನಗೂ ಹೊಳೆಯುತ್ತಿರಲಿಲ್ಲ.

ಆ ಶನಿವಾರ ನನ್ನ ಮನಸ್ಸಿನಲ್ಲಿ ಸಿಟ್ಟಿತ್ತೆ? ಎಷ್ಟು ಹುಡುಕಿದರೂ ಬಾಗಿಲಲ್ಲಿ ನಿಂತ ಹಿರಿಯರ ಪೇಟ ಕಾಣುತ್ತದೆ, ನನ್ನ ಮನಸ್ಸು ಕಾಣುವುದಿಲ್ಲ.

ಆ ಹಿರಿಯರು ದಾನಿಯೇಲಪ್ಪನವರು, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿಯಲ್ಲಿ ಕೂಲಿಗಳನ್ನು ನೋಡಿಕೊಳ್ಳುವ ಮುಕಾದಮರು. ದೊಡ್ಡ ಕೈ, ಮೆಲ್ಲನೆಯ ಮಾತು. ನಾನು ಚಿಕಿತ್ಸೆಗೆಂದು ದೂರದ ಕ್ಷಯದ ದವಾಖಾನೆಗೆ ಹೊರಡುವ ಮುನ್ನಾದಿನ ಬಂದು ನನ್ನ ಮಂಚದಿಂದ ದೂರವೂ ಅಲ್ಲ, ಹತ್ತಿರವೂ ಅಲ್ಲ, ಅಷ್ಟರಲ್ಲಿ ಕುಳಿತರು.

"ಏನಾದ್ರೂ ಇದ್ರ ಹೇಳಿಬಿಡು ತಂಗಿ. ನಿನ್ನ ಬೈಲಿಕ್ಕ ಬಂದಿಲ್ಲ ನಾ. ಹೇಳಿದ್ರ ಬದುಕ್ತಿ."

ಅವರು ಅದನ್ನು ನಂಬಿದ್ದರು. ನಾನು ಬದುಕಬೇಕು ಎಂಬುದಷ್ಟೇ ಅವರಿಗೆ ಬೇಕಾಗಿತ್ತು. ನನಗೆ ಜ್ವರವಿತ್ತು. ಗೋಡೆಯ ಕಡೆ ತಿರುಗಿ, "ಇದ್ದೀತ್ರಿ," ಎಂದೆ. ಅವರು ಎದ್ದು ಪ್ರಾರ್ಥನೆ ಮಾಡಿದರು. ಅವರ ಲೆಕ್ಕದಲ್ಲಿ ನಾನು ಒಪ್ಪಿಕೊಂಡಂತಾಯಿತು. ನನ್ನ ಲೆಕ್ಕದಲ್ಲಿ ಅವರು ಮನೆಗೆ ಹೋಗಿ ನನ್ನನ್ನು ಮಲಗಲು ಬಿಟ್ಟಂತಾಯಿತು. ಮುಂದಿನದೆಲ್ಲ ಹುಟ್ಟಿದ್ದು ಈ ಎರಡು ಲೆಕ್ಕಗಳಿಂದ.

ಮರುದಿನ ನನ್ನ ಹಾಸಿಗೆಯ ಸುರುಳಿ ಹೊತ್ತು ವಾಡಿಯವರೆಗೆ ಬಂದು ಗಾಡಿ ಹತ್ತಿಸಿದವರೂ ಅವರೇ. ಚಿತ್ತಾಪುರ, ಸೇಡಂ, ತಾಂಡೂರು. ಸೇಡಂ ಸ್ಟೇಷನ್ನಿನಲ್ಲಿ ಒಬ್ಬ ಹೆಂಗಸು ನಮ್ಮ ಡಬ್ಬಿ ಹತ್ತಿ, ನನ್ನ ಕೆಮ್ಮು ಕೇಳಿ, ಮಕ್ಕಳನ್ನು ಎಳೆದುಕೊಂಡು ಇಳಿದು ಬೇರೆ ಡಬ್ಬಿಗೆ ಹೋದಳು. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಅವಳು ಪಾಪ ಪುಣ್ಯ ಕೇಳಲಿಲ್ಲ, ಕೆಮ್ಮು ಕೇಳಿದಳು, ಅಷ್ಟೆ.

ವಿಕಾರಾಬಾದ ಕಡೆಯ ಗುಡ್ಡದ ಮೇಲಿತ್ತು ಆ ಕ್ಷಯದ ದವಾಖಾನೆ. ಚಿಕಿತ್ಸೆಯ ವಿವರ ನನಗಿಂತ ಚೆನ್ನಾಗಿ ಹೇಳುವವರಿದ್ದಾರೆ. ನನಗೆ ಗೊತ್ತಿರುವುದು ಹೊರಗಿನ ಪಡಸಾಲೆಯ ಗಾಳಿ, ಕಹಿ ಪುಡಿ ನುಂಗಿ ಬರುವ ವಾಕರಿಕೆ, ಸೂಜಿಮದ್ದಿನಿಂದ ಕಿವಿಯೊಳಗೆ ಕೂತ ಗುಂಯ್ ಎನ್ನುವ ಸದ್ದು. ಆ ಸದ್ದು ಈಗಲೂ ಇದೆ, ನಾನು ಅದರ ಜೊತೆ ಸಂಸಾರ ಮಾಡುತ್ತೇನೆ. ಪಕ್ಕೆಲುಬಿನ ನಡುವೆ ಸೂಜಿ ಚುಚ್ಚಿ ಗಾಳಿ ತುಂಬುತ್ತಿದ್ದರು, ಕೆಟ್ಟ ಪುಪ್ಪುಸಕ್ಕೆ ವಿಶ್ರಾಂತಿ ಸಿಗಲಿ ಎಂದು. ಮೊದಲ ಸಲ ಭಯದಿಂದ ಉಸಿರು ಹಿಡಿದೆ. ಆಮೇಲಾಮೇಲೆ ಸೂಜಿಗಿಂತ ಸರದಿ ಕಾಯುವುದೇ ಕಷ್ಟ ಅನ್ನಿಸತೊಡಗಿತು.

ಪಕ್ಕದ ಮಂಚದಲ್ಲಿ ಲಕ್ಷ್ಮಕ್ಕ, ಚಿಂಚೋಳಿ ತಾಲೂಕಿನ ಕುಂಚಾವರಂ ಕಾಡಿನ ಕಡೆಯವಳು. ತೆಲುಗು ಬೆರೆಸಿದ ಕನ್ನಡದಲ್ಲಿ ಇಡೀ ವಾರ್ಡಿನ ಚೇಷ್ಟೆ ಮಾಡುತ್ತಿದ್ದಳು. ನಾನು ನನ್ನ ಸಂಗತಿ ಹೇಳಿದಾಗ ಕೇಳಿಸಿಕೊಂಡು, ಸಾಲಾಗಿ ಹಾಕಿದ ಮಂಚಗಳ ಕಡೆ ಕೈ ತೋರಿಸಿದಳು.

"ಅಮ್ಮಾ, ಇಷ್ಟ್ ಮಂದಿಗೆ ಕೊಡಗಳು ಎಲ್ಲಿಂದ ತರ್ತಿ?"

ನಾನು ನಕ್ಕೆ, ನಕ್ಕದ್ದಕ್ಕೆ ಕೆಮ್ಮು ಬಂತು, ಇಬ್ಬರೂ ನರ್ಸಮ್ಮನಿಂದ ಬೈಸಿಕೊಂಡೆವು. ಒಂದು ಬೆಳಿಗ್ಗೆ ನಾನು ತೂಕ ನೋಡಿಸಿಕೊಂಡು ಬರುವಷ್ಟರಲ್ಲಿ ಅವಳ ಹಾಸಿಗೆ ಮಡಚಿದ್ದರು. ಅವಳು ಸತ್ತಾಗ ನನ್ನ ತೂಕ ಏರಿತ್ತು. ಇದಕ್ಕೆ ಅನ್ವಯ ಬರೆಯಲು ಯಾರಾದರೂ ಬಂದಿದ್ದರೆ ನಾನು ಎದ್ದು ಹೊಡೆಯುತ್ತಿದ್ದೆ.

ಅವಳು ಹೋದ ಮೇಲೆ ನಾನು ಕೊರಿಂಥದ ಆ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅದುವರೆಗೆ ಹಿರಿಯರು ಓದುವ ತುಂಡನ್ನಷ್ಟೇ ಕೇಳಿದ್ದೆ. ಅಲ್ಲಿ ನಡೆದದ್ದು ಹೀಗೆ. ಅನುಕೂಲಸ್ಥರು ಬೇಗ ಬಂದು ತಮ್ಮ ಬುತ್ತಿ ತಾವೇ ತಿಂದು ಮುಗಿಸುತ್ತಿದ್ದರು. ದುಡಿದು ತಡವಾಗಿ ಬಂದವರು ಹಸಿದೇ ಕೂರುತ್ತಿದ್ದರು. ತೀರ್ಪಿನ ಮಾತು ಬಂದದ್ದು ಇದರ ಮೇಲೆ. ಕಾಯಿಲೆ ಬಿದ್ದವರ ಗುಟ್ಟು ಹುಡುಕಿರಿ ಎಂದು ಅಲ್ಲಿಲ್ಲ. ಕೊನೆಗೆ ಇರುವುದು ಬಹಳ ಸಣ್ಣ ಮಾತು: ಊಟಕ್ಕೆ ಕೂಡಿದಾಗ ಒಬ್ಬರಿಗೊಬ್ಬರು ಕಾಯಿರಿ. ದೇವರ ತೀರ್ಪು ಎಂಬುದಿಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ ಎಂದೇ ನಂಬಿದ್ದೇನೆ. ಆದರೆ ಆ ಅಧ್ಯಾಯದಲ್ಲಿ ಅದು ಕೈ ತೋರಿಸುವುದು ತಟ್ಟೆಯ ಕಡೆಗೆ, ಪಕ್ಕದಲ್ಲಿ ಕುಳಿತವನ ಕಡೆಗೆ.

ಬಿಡುಗಡೆಯ ದಿನ ಡಾಕ್ಟರು ಹೇಳಿದರು: ಕಫದಲ್ಲಿ ಈಗ ಏನೂ ಕಾಣುವುದಿಲ್ಲ. ಆದರೂ ಇನ್ನೊಂದು ವರ್ಷ ಲೋಟ, ತಾಟು ಬೇರೆ ಇರಲಿ, ಕುದಿಯುವ ನೀರಿನಲ್ಲಿ ತೊಳೆಯಬೇಕು. ಮಗು ಮನೆಯಲ್ಲಿರಬಹುದು, ಹಾಸಿಗೆ ಬೇರೆ. ಈ ಕೊನೆಯ ಮಾತನ್ನು ನಾನು ತಾಂಡೂರಿನಿಂದ ವಾಡಿಯವರೆಗೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ಬಂದೆ. ಮಗು ಮನೆಯಲ್ಲಿರಬಹುದು.

ರತ್ನಕ್ಕ ತನ್ನ ಮನೆಯ ಬಾಗಿಲಲ್ಲೇ ನನ್ನನ್ನು ತಡೆದಳು. ಕರುಣಾ ಅವಳ ಹಿಂದೆ ನಿಂತಿದ್ದಳು, ಎತ್ತರವಾಗಿದ್ದಳು, ಜಡೆ ಹೆಣೆದ ರೀತಿ ಬೇರೆಯಾಗಿತ್ತು.

"ಮೊದಲ ಗುಟುಕು ಆಗ್ಲಿ. ಆದ ಮ್ಯಾಲ ಕೂಸಿನ್ನ ನಾನೇ ತಂದು ಬಿಡ್ತೀನಿ. ಮಾತು ಕೊಡ್ತೀನಿ."

"ಡಾಕ್ಟ್ರು ಬಟ್ಲ ಬ್ಯಾರೆ ಇರ್ಲಿ ಅಂದಾರ ಅಕ್ಕಾ."

"ಡಾಕ್ಟ್ರು ನಿನ್ನ ಛಾತಿ ನೋಡ್ಯಾನ. ಸಿಟ್ಟು ಇಳದದೋ ಇಲ್ಲೋ ಅವಗೇನು ಗೊತ್ತದ?"

ಬೇರೆ ಯಾರಾದರೂ ಆಗಿದ್ದರೆ ಮಗುವನ್ನು ಕಸಿದುಕೊಂಡು ಬರುತ್ತಿದ್ದೆನೇನೋ. ಆದರೆ ಅಷ್ಟು ತಿಂಗಳು ಅವಳಿಗೆ ಊಟ ಹಾಕಿ, ಹೇನು ತೆಗೆದು, ಜ್ವರದಲ್ಲಿ ಎದ್ದು ಕೂತವಳು ರತ್ನಕ್ಕ. ದೇವರ ಕೋಪ ಇನ್ನೂ ನನ್ನ ಮನೆಯಲ್ಲಿದೆ ಎಂದು ಅವಳು ಹೆದರಿದ್ದಳು. ನನ್ನ ಕ್ರಿಮಿ ಮಗುವಿಗೆ ತಾಗಬಾರದು ಎಂದು ನಾನು ಹೆದರಿದ ಹಾಗೆಯೇ.

ದಾನಿಯೇಲಪ್ಪನವರು ಆಗಲೇ ಎಲ್ಲ ಗೊತ್ತುಮಾಡಿದ್ದರು. ನಾನು ಒಪ್ಪಿಕೊಂಡಿದ್ದೆ, ದೇವರು ಕ್ಷಮಿಸಿದ್ದರಿಂದ ಬದುಕಿ ಬಂದಿದ್ದೆ, ಬರುವ ಭೋಜನದ ರವಿವಾರ ಮೊದಲ ಗುಟುಕು ನನ್ನದು. ಅವರ ಹೆಂಡತಿ ಒಣದ್ರಾಕ್ಷಿ ನೆನೆಹಾಕಿ ರಸ ತೆಗೆಯುವಾಗ ಈ ಸಲ ಸ್ವಲ್ಪ ಹೆಚ್ಚಿಗೆ ತೆಗೆದರಂತೆ. ನಾನು ಅವರ ಮನೆಗೆ ಹೋಗಿ ಡಾಕ್ಟರ ಮಾತು ತಿಳಿಸಿದೆ. ಅವರು ಮಗುವಿಗೆ ಹೇಳುವಂತೆ ಹೇಳಿದರು, ಆ ಬಟ್ಟಲಿನಿಂದ ರೋಗ ಹೋಗುತ್ತದೆ, ಬರುವುದಿಲ್ಲ. ಕುಡಿಯದೆ ಇದ್ದರೆ ಇನ್ನೂ ಏನೋ ಉಳಿದಿದೆ ಎಂದು ಜನ ತಿಳಿಯುತ್ತಾರೆ ಎಂದೂ ಸೇರಿಸಿದರು.

ಮನೆಯಲ್ಲಿ ಪ್ರಭಾಕರ ಒಂದು ದಾರಿ ಹುಡುಕಿದ್ದರು.

"ಕುಡದಂಗ ಮಾಡು. ಬಾಯಿ ಹತ್ರ ಒಯ್ದು ಸುಮ್ನೆ ಇಳಸು. ಯಾರಿಗೆ ಗೊತ್ತಾಗ್ತದ?"

"ಸಪ್ಫೈರನೂ ಹಂಗೇ ಅನ್ಕೊಂಡಿರ್ಬೇಕು," ಎಂದೆ.

ಅವರು ನಗುವುದೋ ಬೇಡವೋ ಎಂದು ನನ್ನ ಮುಖ ನೋಡಿದರು. ನಾನು ತಮಾಷೆಗೆ ಹೇಳಿರಲಿಲ್ಲ. ಭೋಜನಕ್ಕೆ ಉಳಿದಿದ್ದ ಎರಡು ದಿನ ನಿಜವಾಗಿಯೂ ತೂಗಿ ನೋಡಿದೆ. ಒಂದು ಕಡೆ ನನ್ನ ಮಗಳು. ಇನ್ನೊಂದು ಕಡೆ ಬಟ್ಟಲಿನ ಅಂಚಿಗೆ ತುಟಿ ಇಡುವ ಇಡೀ ಸಭೆ; ಅದರಲ್ಲಿ ರತ್ನಕ್ಕನೂ ಒಬ್ಬಳು, ಕರುಣಾಳಿಗೆ ತನ್ನ ಕೈಯಿಂದ ತುತ್ತು ಮಾಡಿ ತಿನ್ನಿಸುವವಳು. ಯಾವ ಕಡೆಯಿಂದ ಹೋದರೂ ದಾರಿ ಮಗಳಿಗೇ ಬಂದು ಮುಟ್ಟುತ್ತಿತ್ತು.

ರವಿವಾರ ಕಲಬುರಗಿಯಿಂದ ಪಾದ್ರಿ ಅಯ್ಯನವರು ಬಂದರು. ನಾವು ಎಂದಿನಂತೆ ಫರ್ಸಿಯ ನೆಲದ ಮೇಲೆ ಜಮಖಾನೆ ಹಾಸಿ ಕುಳಿತೆವು. ನನ್ನನ್ನು ಹೆಂಗಸರ ಸಾಲಿನ ಮೊದಲಲ್ಲಿ ಕೂರಿಸಿದರು, ಪಕ್ಕದಲ್ಲಿ ರತ್ನಕ್ಕ. ದಾನಿಯೇಲಪ್ಪನವರು ಎದ್ದು ತಮ್ಮ ತುಂಡನ್ನು ಓದಿದರು. ರೊಟ್ಟಿ ಬಂತು, ತಿಂದೆ. ಬಟ್ಟಲು ಬಂತು. ನಾನು ಕೈ ಚಾಚಲಿಲ್ಲ.

"ನಾ ಇನ್ನಾ ಒಂದ್ ವರ್ಷ ಕಾಯ್ಬೇಕ್ರಿ ಅಯ್ಯನವರೇ. ನಾ ಕುಡದ ಬಟ್ಲಾಗ ಇವ್ರು ಕುಡೀಬಾರದು."

ಅಯ್ಯನವರ ಹಿಂದಿನಿಂದ ದಾನಿಯೇಲಪ್ಪನವರ ದನಿ ಬಂತು. "ದೇವರ ಬಟ್ಲಾಗಿಂದ ಬೀಮಾರಿ ಹತ್ತಾಂಗಿಲ್ಲ ತಂಗಿ."

"ಹತ್ತಾಂಗಿಲ್ಲ ಅಂತ ಇವ್ರೆಲ್ಲಾರ ಮ್ಯಾಲ ಪರೀಕ್ಷಾ ಮಾಡಿ ನೋಡ್ಲಿಕ್ಕ ನಾ ಒಲ್ಲೆ, ಹಿರಿಯರೇ. ನೀವು ಓದಿದ್ದು ಅಲ್ಲಿಗೇ ಮುಗ್ಯಂಗಿಲ್ಲ. ಕಡೀಕ ಏನದ ನೋಡ್ರಿ. ಒಬ್ಬರಿಗೊಬ್ಬರು ಕಾಯ್ರಿ ಅಂತದ. ನಾ ಕಾಯ್ತೀನಿ."

ನಾನು ಎದ್ದು ನಿಂತು ಹೇಳಿದೆ ಎನ್ನುತ್ತಾರೆ ಪ್ರಭಾಕರ. ದಾನಿಯೇಲಪ್ಪನವರು ಆಮೇಲೆ ಎಷ್ಟೋ ಸಲ ಈ ಕಥೆ ಹೇಳಿದರು. ಅವರ ಕಥೆಯಲ್ಲಿ ನಾನು ಅಳುತ್ತೇನೆ. ನನಗೆ ನೆನಪಿರುವುದು ಜೋಮು ಹಿಡಿದ ಕಾಲು. ಏಳಲು ಆಗುತ್ತಿರಲಿಲ್ಲ, ಹಾಗಾಗಿ ಕುಳಿತೇ ಹೇಳಿರಬೇಕು.

ಪಾದ್ರಿಗಳು ದಾನಿಯೇಲಪ್ಪನವರ ಕೈಯಲ್ಲಿದ್ದ ಬೈಬಲನ್ನು ತೆಗೆದುಕೊಂಡು ಓದಿದರೋ, ಓದದೆ ಸುಮ್ಮನಿದ್ದರೋ, ಅದರಲ್ಲೂ ಭಿನ್ನಾಭಿಪ್ರಾಯವಿದೆ. ಬಟ್ಟಲು ಮುಂದೆ ಹೋಯಿತು ಎಂಬುದರಲ್ಲಿ ಮಾತ್ರ ಇಲ್ಲ. ಸಾಲಿನಲ್ಲಿ ನನ್ನ ನಂತರದ ಸರದಿ ಪಕ್ಕದ ರತ್ನಕ್ಕನದು. ಅವಳು ಗಾಬರಿಯಲ್ಲಿ ಎರಡೂ ಕೈಯಿಂದ ಹಿಡಿದು ಒಂದು ಗುಟುಕು ಕುಡಿದಳು.

ಸಭೆ ಮುಗಿಯಿತು. ಹೊರಗೆ ಚಪ್ಪಲಿ ಹುಡುಕುವಾಗ ಯಾರೋ ಒಬ್ಬಳು, "ಅಂತೂ ರತ್ನಮ್ಮಗ ಮಾಫಿ ಸಿಕ್ತು ನೋಡ್ರಿ," ಎಂದಳು. ಮೊದಲ ಗುಟುಕು ಕುಡಿದವಳೇ ಕ್ಷಮೆ ಪಡೆದವಳಲ್ಲವೆ? ಸಂಜೆಯೊಳಗೆ ಈ ಮಾತು ಗಣಿಯ ಕೊನೆಯ ಗುಡಿಸಲಿಗೂ ಮುಟ್ಟಿತ್ತು.

ರತ್ನಕ್ಕ ಮೂರ್ನಾಲ್ಕು ದಿನ ನಮ್ಮ ಮನೆಯ ಕಡೆ ತಿರುಗಿ ನೋಡಲಿಲ್ಲ. ಮಗಳನ್ನು ಕಳೆದುಕೊಂಡೆ ಎಂದೇ ನಾನು ತಿಳಿದೆ. ಆ ದಿನಗಳ ಬಗ್ಗೆ ಬರೆಯಲು ಏನೂ ಇಲ್ಲ. ಔಷಧಿ ನುಂಗಿದೆ, ಪಾತ್ರೆ ಕುದಿಸಿದೆ. ಈಗ ಎಲ್ಲೋ ಒಂದು ದವಾಖಾನೆಯ ಬೆಂಚಿನ ಮೇಲೆ ಕುಳಿತು ತಾನು ಮಾಡಿದ ತಪ್ಪು ಯಾವುದು ಎಂದು ಹುಡುಕುತ್ತಿರುವವರಿಗೆ ಹೇಳುವುದು ಇಷ್ಟೇ: ಆ ಮೂರ್ನಾಲ್ಕು ದಿನ ನಾನೂ ಮತ್ತೆ ಹುಡುಕಿದೆ, ಅಷ್ಟೆಲ್ಲ ತಿಳಿದ ಮೇಲೂ.

ಆಮೇಲೆ ಒಂದು ಸಂಜೆ, ಒಲೆ ಹಚ್ಚುವ ಹೊತ್ತಿಗೆ, ರತ್ನಕ್ಕ ಬಂದಳು. ಒಂದು ಕೈಯಲ್ಲಿ ಸುತ್ತಿದ ಹಾಸಿಗೆ, ಇನ್ನೊಂದು ಕೈಯಲ್ಲಿ ಕರುಣಾ. ಹೊಸ್ತಿಲ ಹೊರಗೆ ನಿಂತಳು.

"ನನಗ ಯಾರ ಮಾಫಿನೂ ಬೇಕಾಗಿಲ್ಲ ಅಂತ ಹೇಳು ಅವ್ರಿಗೆ."

"ಹೇಳ್ತೀನಕ್ಕ."

"ಮೊದಲ ಗುಟುಕು ಆದ್ರ ತಂದು ಬಿಡ್ತೀನಿ ಅಂದಿದ್ದೆ. ನೀ ಕುಡೀಲಿಲ್ಲ, ನಾ ಕುಡದೆ. ಗುಟುಕಂತೂ ಆತು. ಮಾತಂದ್ರ ಮಾತು."

ಹಾಸಿಗೆಯನ್ನು ನನ್ನ ಮಂಚದಿಂದ ಆದಷ್ಟು ದೂರದ ಮೂಲೆಗೆ ತಾನೇ ಇಟ್ಟಳು. ಅದರೊಳಗಿಂದ ಒಂದು ಹಿತ್ತಾಳೆಯ ಲೋಟ ತೆಗೆದು ಗೂಡಿನಲ್ಲಿ ಇಟ್ಟು, ಇದು ಕೂಸಿಂದು, ನೀನು ಇದನ್ನು ಮುಟ್ಟಬೇಡ ಎಂದಳು. ಹೊರಡಲು ತಿರುಗಿದಳು. ಕರುಣಾ ಅತ್ತೆಯ ಸೆರಗು ಬಿಡಲಿಲ್ಲ. ನನ್ನ ಕಡೆ ನೋಡಿದಳು, ಬರಲಿಲ್ಲ, ನಾನೂ ಕರೆಯಲಿಲ್ಲ. ರತ್ನಕ್ಕ ಸೆರಗು ಬಿಡಿಸಿಕೊಳ್ಳಲು ನೋಡಿ, ಆಗದೆ, ಹುಡುಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಒಲೆಯ ಹತ್ತಿರ ಕುಳಿತಳು. ಒಲೆಯ ಮೇಲೆ ನನ್ನ ತಾಟು, ಲೋಟ ಕುದಿಯುತ್ತಿದ್ದವು. ಬಹಳ ಹೊತ್ತು ಅದನ್ನೇ ನೋಡಿದಳು.

"ಎಷ್ಟೊತ್ತು ಕುದಸ್ತಿ?"

ಹೇಳಿದೆ.

"ಇನ್ನಾ ಜರಾ ಕುದಿಸು," ಎಂದು ಅವಳೇ ಒಂದು ಕಟ್ಟಿಗೆ ಒಲೆಯೊಳಕ್ಕೆ ತಳ್ಳಿದಳು.